ದನಿ ಸತ್ತ ಗಿಟಾರ್, ಮೂರು ಇಂಟರ್‌ಫೇಸ್‌ಗಳು

ಅಕ್ಕನ ಮಗ ಒಂದು ಸಂಜೆ ಫೋನ್ ಮಾಡಿದ. "ಮಾಮ, ನನ್ನ ಆಡಿಯೋ ಇಂಟರ್‌ಫೇಸ್ ಹಾಳಾಗಿದೆ ಅನ್ಸುತ್ತೆ. ಹೊಸದು ತಗೋಬೇಕು. ಯಾವುದು ತಗೊಳ್ಳಲಿ ಹೇಳಿ" ಅಂದ. ಗಿಟಾರಿನ ಸದ್ದನ್ನು ಅಂಕಿಗಳನ್ನಾಗಿ ಮಾಡಿ ಕಂಪ್ಯೂಟರಿಗೆ ಕಳಿಸುವ, ಅಲ್ಲಿಂದ ಮತ್ತೆ ಸದ್ದಾಗಿ ಹೊರಗೆ ತರುವ ಸಣ್ಣ ಪೆಟ್ಟಿಗೆ ಅದು. ಏನಾಗಿದೆ ಅಂತ ಕೇಳಿದೆ. "ಗಿಟಾರ್ ಸತ್ತ ಹಾಗೆ ಕೇಳಿಸುತ್ತೆ" ಅನ್ನುವುದೊಂದೇ ಉತ್ತರ.

ಆಮೇಲೆ ಎರಡು ಫೈಲ್ ಕಳಿಸಿದ. ಒಂದು ಆರು ತಿಂಗಳ ಹಿಂದಿನದು, ಇನ್ನೊಂದು ಹಿಂದಿನ ವಾರದ್ದು. ಅದೇ ಗಿಟಾರ್, ಅದೇ ಇಂಟರ್‌ಫೇಸ್, ಲ್ಯಾಪ್‌ಟಾಪಿನಲ್ಲಿ ಅದೇ ಆಂಪ್ ಪ್ಲಗಿನ್, ಅಂದರೆ ಗಿಟಾರ್ ಆಂಪ್ಲಿಫೈಯರಿನ ದನಿಯನ್ನು ಅನುಕರಿಸುವ ಸಾಫ್ಟ್‌ವೇರ್. ಹಳೆಯದರಲ್ಲಿ ಪಿಕ್ ತಂತಿಗೆ ತಾಗುವ ಸದ್ದು ಕೂಡ ಗರಿಗರಿಯಾಗಿ ಕೇಳುತ್ತಿತ್ತು. ಹೊಸದರಲ್ಲಿ ಗಿಟಾರ್ ಮೇಲೆ ಯಾರೋ ಕಂಬಳಿ ಹೊದಿಸಿದ ಹಾಗಿತ್ತು. ಹುಡುಗ ಸುಮ್ನೆ ದೂರುತ್ತಿಲ್ಲ ಅನ್ನುವುದು ಅಷ್ಟರಲ್ಲೇ ಗೊತ್ತಾಯಿತು.

ಇನ್ನೂ ಎರಡು ದೂರು ಇದ್ದವು. ಬಾರಿಸಿದ ಮೇಲೆ ಸದ್ದು ಒಂದು ಗಳಿಗೆ ತಡವಾಗಿ ಹೆಡ್‌ಫೋನಿಗೆ ಬರುತ್ತದೆ. ದನಿಯನ್ನು ಒರಟಾಗಿ ಒಡೆಯುವ ಡಿಸ್ಟಾರ್ಷನ್ ಹಾಕಿದರೆ ಹಿಂದೆ ಗುಂಯ್ ಅನ್ನುವ ಸದ್ದು ನಿಲ್ಲುವುದೇ ಇಲ್ಲ. ಕೊನೆಗೆ ಸ್ವಲ್ಪ ದನಿ ತಗ್ಗಿಸಿ, "ನನ್ನ ತಾಳವೂ ಹೋಗಿದೆ ಮಾಮ. ಮೆಟ್ರೋನೋಮ್ ಜೊತೆ ಕೂರ್ತಾನೇ ಇಲ್ಲ" ಅಂದ. ನನ್ನ ಮನಸ್ಸಿಗೆ ನಾಟಿದ್ದು ಈ ಮಾತು. ಐದು ವರ್ಷ ಕಷ್ಟಪಟ್ಟು ಕಲಿತ ಹುಡುಗ ತನ್ನ ಕೈಯನ್ನೇ ಅನುಮಾನಿಸುತ್ತಿದ್ದ.

ಅವನು ನುಡಿಸುವುದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ. ಹಾಗಾಗಿ ನಿಜವಾದ ಆಂಪ್ ಇಡುವ ಮಾತೇ ಇಲ್ಲ. ಗಿಟಾರಿನ ಕೇಬಲ್ ನೇರವಾಗಿ ಇಂಟರ್‌ಫೇಸಿಗೆ, ಅಲ್ಲಿಂದ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ. ಅಲ್ಲಿ ಪ್ಲಗಿನ್ ಆಂಪ್ ಮತ್ತು ಸ್ಪೀಕರ್ ಕ್ಯಾಬಿನೆಟ್‌ನ ಕೆಲಸ ಮಾಡುತ್ತದೆ. ಅಲ್ಲಿಂದ ತಿರುಗಿ ಇಂಟರ್‌ಫೇಸಿಗೆ, ಕೊನೆಗೆ ಹೆಡ್‌ಫೋನಿಗೆ. ಗಿಟಾರಿನಲ್ಲಿ ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ಎರಡು. ಬ್ರಿಡ್ಜ್ ಕಡೆ ಎರಡು ಸುರುಳಿಯ ಜೋರಾದ ಹಂಬಕರ್ ಇದೆ, ನೆಕ್ ಕಡೆ ಒಂದೇ ಸುರುಳಿಯ ಸಿಂಗಲ್ ಕಾಯಿಲ್.

ನನ್ನ ಹತ್ತಿರ ಒಂದು ಇಂಟರ್‌ಫೇಸ್ ಇತ್ತು. ಗೆಳೆಯನಿಂದ ಇನ್ನೊಂದನ್ನು ಕೇಳಿ ತಂದೆ. ಅವನದೂ ಸೇರಿ ಮೂರು ಪೆಟ್ಟಿಗೆ. ಇಲ್ಲಿ ಅವನ ಹಳೆಯದನ್ನು ಮೊದಲನೇ ಪೆಟ್ಟಿಗೆ, ನನ್ನದನ್ನು ಎರಡನೇದು, ಗೆಳೆಯನದನ್ನು ಮೂರನೇದು ಅಂತಲೇ ಕರೆಯುತ್ತೇನೆ. ಮಾಡೆಲ್‌ಗಳು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತವೆ. ನಾವು ನೋಡಿದ ವಿಷಯಗಳು ಬದಲಾಗುವುದಿಲ್ಲ.

ಮೊದಲ ಸುತ್ತು, ಮೊದಲ ತಪ್ಪು

ಹೋಲಿಸುವುದು ಅಂದರೆ ಸುಲಭ ಅನಿಸುತ್ತದೆ. ಆದರೆ ಒಂದೇ ಸಾಲನ್ನು ಮೂರು ಸಲ ಕೈಯಲ್ಲಿ ನುಡಿಸಿದರೆ ಮೂರೂ ಬೇರೆ ಬೇರೆಯಾಗಿಯೇ ಬರುತ್ತವೆ. ಪಿಕ್ ಒಂದಿಷ್ಟು ವಾಲಿದರೂ ಸಾಕು, ದನಿ ಬದಲಾಗುತ್ತದೆ. ಹಾಗಾಗಿ ಲೂಪರ್ ಪೆಡಲ್ ತಂದೆ. ಅವನು ಎಂಟು ಬಾರ್ ನುಡಿಸಿದ, ಲೂಪರ್ ಅದನ್ನು ಹಿಡಿದಿಟ್ಟುಕೊಂಡಿತು. ಅದೇ ಎಂಟು ಬಾರನ್ನು ಮೂರೂ ಪೆಟ್ಟಿಗೆಗೆ ಒಂದಾದ ಮೇಲೊಂದು ಕೊಟ್ಟು ರೆಕಾರ್ಡ್ ಮಾಡಿದೆವು.

ಆಮೇಲೆ ಮೂರರ ಮಟ್ಟವನ್ನೂ ಸರಿಸಮ ಮಾಡಿದೆ, 0.1 ಡೆಸಿಬೆಲ್ ಒಳಗೆ. ಈ ಹೆಜ್ಜೆ ಬಿಟ್ಟರೆ ಹೋಲಿಕೆಗೆ ಅರ್ಥವೇ ಇಲ್ಲ. ಸ್ವಲ್ಪ ಜೋರಾಗಿರುವುದು ಕಿವಿಗೆ ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ. ಅರ್ಧ ಡೆಸಿಬೆಲ್ ಜಾಸ್ತಿ ಇದ್ದರೆ ಅದು ಜೋರು ಅಂತ ನಮಗೆ ಅನಿಸುವುದಿಲ್ಲ, ಚೆನ್ನಾಗಿದೆ ಅಂತ ಅನಿಸುತ್ತದೆ.

ಅವನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ ಹನ್ನೆರಡು ಸಲ ಕೇಳಿಸಿದೆ. ಯಾವ ಪೆಟ್ಟಿಗೆ ಹೇಳು ಅಂದೆ. ನಾಲ್ಕು ಸರಿ ಬಂತು. ಮೂರು ಪೆಟ್ಟಿಗೆ, ಹನ್ನೆರಡು ಸಲ, ಕಣ್ಣು ಮುಚ್ಚಿ ಊಹಿಸಿದರೂ ನಾಲ್ಕು ಸರಿ ಬರುತ್ತದೆ. ನಾನು ಪ್ರಯತ್ನಿಸಿದೆ, ನನಗೂ ಗೊತ್ತಾಗಲಿಲ್ಲ.

ಇದರಲ್ಲಿ ಅಚ್ಚರಿ ಏನಿಲ್ಲ. 24 ಬಿಟ್ ರೆಕಾರ್ಡಿಂಗಿನಲ್ಲಿ ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಾದ ಸದ್ದಿನವರೆಗೆ ಲೆಕ್ಕದ ಪ್ರಕಾರ 144 ಡೆಸಿಬೆಲ್ ಹರವು ಇರುತ್ತದೆ. ಇವತ್ತಿನ ಸಾಧಾರಣ ಇಂಟರ್‌ಫೇಸ್‌ಗಳು ನಿಜವಾಗಿ ಸುಮಾರು 110 ಡೆಸಿಬೆಲ್ ಕೊಡುತ್ತವೆ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಹಿಡಿಯುವ ಗುಂಯ್ ಸದ್ದೇ ಅದಕ್ಕಿಂತ ಎಷ್ಟೋ ಜಾಸ್ತಿ. ಹೀಗಿರುವಾಗ ಸಿಗ್ನಲನ್ನು ಅಂಕಿಗಳಾಗಿ ಬದಲಿಸುವ ಕನ್ವರ್ಟರ್ ಚಿಪ್ ಯಾವ ಕಂಪನಿಯದು ಅಂತ ತಲೆ ಕೆಡಿಸಿಕೊಂಡು ಗಿಟಾರ್ ವಾದಕನಿಗೆ ಆಗಬೇಕಾದ್ದು ಏನೂ ಇಲ್ಲ. ಇದನ್ನು ನಾನು ಇವತ್ತಿಗೂ ಗಟ್ಟಿಯಾಗಿ ನಂಬುತ್ತೇನೆ.

ಆದರೆ ಅವತ್ತು ಇದರಿಂದ ತಪ್ಪು ತೀರ್ಮಾನಕ್ಕೆ ಬಂದೆ. "ನಿನ್ನ ಪೆಟ್ಟಿಗೆ ಸರಿಯಾಗೇ ಇದೆ ಕಣೋ. ಪ್ಲಗಿನ್ ಸೆಟ್ಟಿಂಗ್ ಎಲ್ಲೋ ತಪ್ಪಿದೆ, ನೋಡು" ಅಂದುಬಿಟ್ಟೆ. ಅವನು ಒಪ್ಪಲಿಲ್ಲ. "ಒಂದು ನಾಬ್ ಕೂಡ ಮುಟ್ಟಿಲ್ಲ ಮಾಮ. ಬೇಕಾದ್ರೆ ಪ್ಲಗಿನ್ ತೆಗೆದೇ ಕೇಳಿ."

ತೆಗೆದೇ ಕೇಳಿದೆ. ಅವನು ಹೇಳಿದ್ದು ನಿಜ. ಪ್ಲಗಿನ್ ಇಲ್ಲದ ಹಸಿ ಟ್ರ್ಯಾಕಿನಲ್ಲೇ ಎರಡು ಫೈಲಿನ ನಡುವೆ ಹಗಲು ರಾತ್ರಿಯ ವ್ಯತ್ಯಾಸ. ಯಾವ ಎತ್ತರದ ಸ್ವರ ಎಷ್ಟು ಜೋರು ಅಂತ ತೋರಿಸುವ ಗ್ರಾಫ್, ಅಂದರೆ ಸ್ಪೆಕ್ಟ್ರಮ್ ತೆಗೆದು ಒಂದರ ಮೇಲೊಂದು ಇಟ್ಟೆ. 500 ಹರ್ಟ್ಜ್ ಕೆಳಗೆ ಎರಡೂ ಹೆಚ್ಚು ಕಡಿಮೆ ಒಂದೇ. ಅಲ್ಲಿಂದ ಮೇಲೆ ಹೊಸ ಫೈಲಿನ ಗೆರೆ ಇಳಿಯುತ್ತಾ ಹೋಗುತ್ತದೆ. 3 ಕಿಲೋಹರ್ಟ್ಜ್ ಹತ್ತಿರ ಹತ್ತು ಡೆಸಿಬೆಲ್‌ಗಿಂತ ಜಾಸ್ತಿ ಕೊರತೆ. ಅಂದರೆ ಕಂಪ್ಯೂಟರಿಗೆ ಬರುವ ಮೊದಲೇ ಏನೋ ಕಳೆದುಹೋಗುತ್ತಿತ್ತು.

ಇಲ್ಲದ ಟ್ಯೂನರ್

ತಂತಿ ಹೊಸದು. ಕೇಬಲ್ ಬದಲಿಸಿ ನೋಡಿದೆವು, ಫಲ ಇಲ್ಲ. ಗಿಟಾರಿನ ಟೋನ್ ನಾಬ್ ಪೂರ್ತಿ ತೆರೆದೇ ಇತ್ತು. ಕೊನೆಗೆ ಕೇಳಿದೆ, "ಆರು ತಿಂಗಳ ಹಿಂದೆ ನಿನ್ನ ಮೇಜಿನ ಮೇಲೆ ಏನೇನಿತ್ತು, ಒಂದೊಂದಾಗಿ ಹೇಳು." ಲ್ಯಾಪ್‌ಟಾಪ್, ಪೆಟ್ಟಿಗೆ, ಹೆಡ್‌ಫೋನ್ ಅಂತ ಶುರು ಮಾಡಿದ. ಆಮೇಲೆ, "ಶ್ರುತಿ ನೋಡೋ ಟ್ಯೂನರ್ ಪೆಡಲ್ ಇತ್ತು. ಗೆಳೆಯ ಇಸ್ಕೊಂಡು ಹೋಗಿದ್ದಾನೆ. ಆದ್ರೆ ಅದು ಆಫ್ ಆಗೇ ಇರ್ತಿತ್ತಲ್ವಾ ಮಾಮ?"

ಆಫ್ ಆಗಿದ್ದರೂ ಆ ಪೆಡಲ್ ಕೆಲಸ ಮಾಡುತ್ತಲೇ ಇರುತ್ತದೆ. ಬಾಸ್ ಕಂಪನಿಯ ಸಣ್ಣ ಪೆಡಲ್‌ಗಳಂತೆ ಅದರೊಳಗೂ ಬಫರ್ ಅನ್ನುವ ಪುಟ್ಟ ಸರ್ಕ್ಯೂಟ್ ಇರುತ್ತದೆ. ಅದರ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲಿಗೆ ಒಡ್ಡುವ ಅಡ್ಡಿ) 1 ಮೆಗಾಓಮ್, ಔಟ್‌ಪುಟ್ 1 ಕಿಲೋಓಮ್. ಅಂದರೆ ಗಿಟಾರಿನ ಮೇಲೆ ಭಾರ ಹಾಕದೆ ಸಿಗ್ನಲ್ ತೆಗೆದುಕೊಂಡು, ಮುಂದಕ್ಕೆ ಗಟ್ಟಿಯಾಗಿ ತಳ್ಳುತ್ತದೆ.

ಆಗ ಅವನ ಪೆಟ್ಟಿಗೆಯನ್ನು ತಿರುಗಿಸಿ ನೋಡಿದೆ. ಜ್ಯಾಕ್ ಪಕ್ಕದಲ್ಲಿ ಒಂದು ಸಣ್ಣ ಸ್ವಿಚ್. ಒಂದು ಕಡೆ ಲೈನ್, ಅಂದರೆ ಕೀಬೋರ್ಡ್‌ನಂಥ ಗಟ್ಟಿ ಸಿಗ್ನಲಿಗೆ. ಇನ್ನೊಂದು ಕಡೆ ಇನ್‌ಸ್ಟ್ರುಮೆಂಟ್, ಅಂದರೆ ನೇರವಾಗಿ ಗಿಟಾರಿಗೆ. ಅದು ಲೈನ್ ಕಡೆ ಇತ್ತು. ತಂದ ದಿನದಿಂದ ಅವನು ಅದನ್ನು ಮುಟ್ಟಿರಲೇ ಇಲ್ಲ. ಟ್ಯೂನರ್ ಇರುವವರೆಗೆ ಮುಟ್ಟುವ ಅಗತ್ಯವೂ ಬಿದ್ದಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮನೆಯಲ್ಲಿ ಗಿಟಾರ್ ರೆಕಾರ್ಡ್ ಮಾಡುವವರಲ್ಲಿ ತುಂಬಾ ಜನ ಎಡವುವುದು ಇಲ್ಲೇ. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲಿನಷ್ಟು ತೆಳುವಾದ ತಂತಿ. ಅದಕ್ಕೆ ಬ್ಯಾಟರಿ ಇಲ್ಲ, ಶಕ್ತಿ ಕಡಿಮೆ. ಅದರ ಎದುರಿಗೆ ಇರುವ ಇನ್‌ಪುಟ್‌ನ ಇಂಪೀಡೆನ್ಸ್ ಕಡಿಮೆಯಾದಷ್ಟೂ ಪಿಕಪ್ ಮೇಲೆ ಬೀಳುವ ಭಾರ ಜಾಸ್ತಿ. ಪುಟ್ಟ ಮಗುವಿನ ಕೈಗೆ ತುಂಬಿದ ಬಿಂದಿಗೆ ಕೊಟ್ಟ ಹಾಗೆ.

ಲೆಕ್ಕ ಹಾಕಿ ನೋಡಿದರೆ ಇನ್ನೂ ಸ್ಪಷ್ಟ. ಒಂದು ಹಂಬಕರ್‌ನ ಡಿಸಿ ರೆಸಿಸ್ಟೆನ್ಸ್ 8 ಕಿಲೋಓಮ್, ಇಂಡಕ್ಟೆನ್ಸ್ 4 ಹೆನ್ರಿ ಅಂತ ಇಟ್ಟುಕೊಳ್ಳೋಣ. ಲೈನ್ ಇನ್‌ಪುಟ್ ಸಾಮಾನ್ಯವಾಗಿ 10 ಕಿಲೋಓಮ್ ಆಸುಪಾಸು. ಕೆಳಗಿನ ಸ್ವರಗಳಲ್ಲಿ 18ರಲ್ಲಿ 10 ಪಾಲು ಉಳಿಯುತ್ತದೆ, ಸುಮಾರು 5 ಡೆಸಿಬೆಲ್ ನಷ್ಟ. ಇದೊಂದೇ ಆಗಿದ್ದರೆ ಗೇನ್, ಅಂದರೆ ಪೆಟ್ಟಿಗೆ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ, ಏರಿಸಿ ಸರಿ ಮಾಡಿಕೊಳ್ಳಬಹುದಿತ್ತು. ಆದರೆ ಮೇಲಕ್ಕೆ ಹೋದಂತೆ ಸುರುಳಿಯ ಅಡ್ಡಿ ಬೆಳೆಯುತ್ತಾ ಹೋಗುತ್ತದೆ. 3 ಕಿಲೋಹರ್ಟ್ಜ್‌ನಲ್ಲಿ ಅದು 75 ಕಿಲೋಓಮ್. ಅಲ್ಲಿ ನಷ್ಟ ಸುಮಾರು 18 ಡೆಸಿಬೆಲ್. ಎರಡರ ನಡುವಿನ ವ್ಯತ್ಯಾಸ ಹೆಚ್ಚು ಕಡಿಮೆ 13 ಡೆಸಿಬೆಲ್. ಇಳಿಜಾರು ಶುರುವಾಗುವುದು 700 ಹರ್ಟ್ಜ್ ಹತ್ತಿರ. ಅವನ ಎರಡು ಫೈಲಿನಲ್ಲಿ ಕಂಡದ್ದು ಇದೇ ಇಳಿಜಾರು.

ನಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಪಿಕಪ್ ಸುರುಳಿ ಮತ್ತು ಕೇಬಲಿನ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಗುಣ) ಸೇರಿ ಒಂದು ಅನುರಣನದ ಉಬ್ಬು ಕೊಡುತ್ತವೆ. 4 ಹೆನ್ರಿಗೆ ಒಟ್ಟು 700 ಪಿಕೋಫ್ಯಾರಡ್ ಸೇರಿದರೆ ಆ ಉಬ್ಬು 3 ಕಿಲೋಹರ್ಟ್ಜ್‌ನಲ್ಲಿ ಕೂರುತ್ತದೆ. ನಾವು ಎಲೆಕ್ಟ್ರಿಕ್ ಗಿಟಾರಿನ ಹೊಳಪು ಅನ್ನುತ್ತೇವಲ್ಲ, ಅದರ ಬಹುಪಾಲು ಇದೇ. 1 ಮೆಗಾಓಮ್ ಇನ್‌ಪುಟ್ ಈ ಉಬ್ಬನ್ನು ಉಳಿಸುತ್ತದೆ, 10 ಕಿಲೋಓಮ್ ಅದನ್ನು ಪೂರ್ತಿ ಒತ್ತಿ ಹಾಕುತ್ತದೆ. ಹಳೇ ಫೆಂಡರ್ ವಾಲ್ವ್ ಆಂಪ್‌ಗಳ ಮುಖ್ಯ ಇನ್‌ಪುಟ್‌ನಲ್ಲಿ ಇದ್ದದ್ದೂ 1 ಮೆಗಾಓಮ್ ರೆಸಿಸ್ಟರೇ. ನಮ್ಮ ಕಿವಿ ಗಿಟಾರ್ ಅಂತ ಗುರುತು ಹಿಡಿಯುವ ದನಿ ಆ ಅಳತೆಯ ಮೇಲೆ ಬೆಳೆದದ್ದು.

ಈಗ ಲೂಪರ್ ಯಾಕೆ ನನ್ನನ್ನು ದಾರಿ ತಪ್ಪಿಸಿತು ಅನ್ನುವುದೂ ಅರ್ಥವಾಯಿತು. ಲೂಪರ್‌ನ ಔಟ್‌ಪುಟ್ ಕೂಡ ಬಫರ್ ಆದದ್ದೇ. ಎದುರಿಗೆ 10 ಕಿಲೋಓಮ್ ಇರಲಿ, 1 ಮೆಗಾಓಮ್ ಇರಲಿ, ಅದಕ್ಕೆ ಏನೂ ಅನಿಸುವುದಿಲ್ಲ. ನಾನು ಅಳೆದದ್ದು ಪೆಟ್ಟಿಗೆಯ ಪ್ರಿಆಂಪ್ ಮತ್ತು ಕನ್ವರ್ಟರ್ ಮಾತ್ರ. ತೊಂದರೆ ಇದ್ದದ್ದು ಪಿಕಪ್ ಮತ್ತು ಜ್ಯಾಕ್ ಒಂದನ್ನೊಂದು ಮುಟ್ಟುವ ಜಾಗದಲ್ಲಿ. ಗಿಟಾರಿಗೆ ಅಂತ ಇಂಟರ್‌ಫೇಸ್ ಹೋಲಿಸುವವರು ಗಿಟಾರನ್ನೇ ನೇರವಾಗಿ ಚುಚ್ಚಬೇಕು. ನುಡಿಸುವಿಕೆ ಪ್ರತಿ ಸಲ ಒಂದೇ ತೆರನಾಗಿ ಬರುವುದಿಲ್ಲ ಅನ್ನುವ ತೊಂದರೆಯನ್ನು ಬೇರೆ ರೀತಿಯಲ್ಲಿ ನಿಭಾಯಿಸಬೇಕು.

ನಾವು ಮಾಡಿದ್ದು ಇಷ್ಟು. ಮೂರೂ ಪೆಟ್ಟಿಗೆಯನ್ನು ಇನ್‌ಸ್ಟ್ರುಮೆಂಟ್ ಇನ್‌ಪುಟ್‌ಗೆ ಹಾಕಿದೆವು. ಒಂದೊಂದರಲ್ಲೂ ಆರು ತೆರೆದ ತಂತಿಗಳನ್ನು, ಒಂದೇ ಜಾಗದಲ್ಲಿ, ಒಂದೇ ಪಿಕ್ಕಿನಿಂದ ಎಂಟೆಂಟು ಸಲ ಮೀಟಿದ. ಎಂಟರ ಸರಾಸರಿ ಸ್ಪೆಕ್ಟ್ರಮ್ ತೆಗೆದೆ. ಮೂರು ಪೆಟ್ಟಿಗೆಗಳ ನಡುವೆ ಒಂದು ಡೆಸಿಬೆಲ್ ಕೂಡ ವ್ಯತ್ಯಾಸ ಇರಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಎರಡು ಸಲ ಅಳೆದರೂ ಅಷ್ಟು ಹೆಚ್ಚು ಕಡಿಮೆ ಆಗುತ್ತಿತ್ತು. ಎರಡರ ಇಂಪೀಡೆನ್ಸ್ 1 ಮೆಗಾಓಮ್, ಒಂದರದ್ದು 1.5. ಕೇಳುವವರಿಗೆ ಆ ಅಂತರ ಇಲ್ಲದಷ್ಟೇ.

ಒಂದು ಪಕ್ಕದ ಮಾತು. ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಸೇರಿಸುತ್ತದೆ. ಅದೇ ಗಿಟಾರಿಗೆ 3 ಮೀಟರ್ ಜಾಸ್ತಿ ಉದ್ದದ ಕೇಬಲ್ ಹಾಕಿದರೆ ಆ ಉಬ್ಬು 3ರಿಂದ 2.5 ಕಿಲೋಹರ್ಟ್ಜ್‌ಗೆ ಇಳಿಯುತ್ತದೆ. ಇದು ಕಿವಿಗೆ ಸಲೀಸಾಗಿ ಗೊತ್ತಾಗುತ್ತದೆ. ಇಂಟರ್‌ಫೇಸ್ ಬದಲಿಸಿ ಸಿಗದ ವ್ಯತ್ಯಾಸ ಕೇಬಲಿನ ಉದ್ದದಲ್ಲಿ ಸಿಗುತ್ತದೆ ಅಂದರೆ ನಂಬುವುದು ಕಷ್ಟ, ಆದರೆ ನಿಜ.

ಕೆಂಪು ದೀಪ

ಸ್ವಿಚ್ ಒತ್ತಿದ ಕೂಡಲೇ ಹುಡುಗನ ಮುಖ ಅರಳಿತು. ಹಳೇ ದನಿ ವಾಪಸ್ ಬಂದಿತ್ತು. ಒಂದೇ ನಿಮಿಷ. ಬ್ರಿಡ್ಜ್ ಪಿಕಪ್ಪಿಗೆ ಬದಲಿಸಿ ಜೋರಾಗಿ ಒಂದು ಕಾರ್ಡ್ ಬಾರಿಸಿದ, ಕೆಂಪು ದೀಪ ಹತ್ತಿತು. ಗೇನ್ ಕಡಿಮೆ ಮಾಡು ಅಂದೆ. "ಸೊನ್ನೆಯಲ್ಲೇ ಇದೆ ಮಾಮ."

ಇದು ಹೆಡ್‌ರೂಮ್ ಸಮಸ್ಯೆ, ಅಂದರೆ ಮಿತಿಗೆ ಬಡಿಯುವ ಮುಂಚೆ ಉಳಿದಿರುವ ಜಾಗ ಸಾಲದು. ಇನ್‌ಪುಟ್ ಕ್ಲಿಪ್ ಆಗದೆ, ಅಂದರೆ ಅಲೆಯ ತುದಿ ಕತ್ತರಿಸಿಹೋಗದೆ, ಎಷ್ಟು ವೋಲ್ಟ್ ತಡೆಯುತ್ತದೆ ಅನ್ನುವುದನ್ನು ಕೈಪಿಡಿಗಳಲ್ಲಿ ಡಿಬಿಯು ಲೆಕ್ಕದಲ್ಲಿ ಬರೆದಿರುತ್ತಾರೆ. 0 ಡಿಬಿಯು ಅಂದರೆ 0.775 ವೋಲ್ಟ್. +12 ಡಿಬಿಯು ಅಂದರೆ ಸುಮಾರು 3.1 ವೋಲ್ಟ್, ಅಲೆಯ ತುದಿಯಲ್ಲಿ 4.4 ವೋಲ್ಟ್. ಎರಡನೇ ಪೆಟ್ಟಿಗೆಯ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ಗೆ ಬರೆದಿದ್ದದ್ದು ಇದೇ +12. ಅದರಲ್ಲಿ ಗೇನ್ ಸೊನ್ನೆ ಇಟ್ಟು ಅವನು ಮೈಮೇಲೆ ಬಂದ ಹಾಗೆ ಬಾರಿಸಿದಾಗ ಮೀಟರ್ -6 ತೋರಿಸಿತು, ಮಿತಿಗೆ ಇನ್ನೂ 6 ಡೆಸಿಬೆಲ್ ಬಾಕಿ. ಅಂದರೆ ಅವನ ಹಂಬಕರ್ ತುದಿಯಲ್ಲಿ 2.2 ವೋಲ್ಟ್ ಕೊಡುತ್ತಿತ್ತು. ಮೂರನೇದರ ಮಿತಿ +8 ಡಿಬಿಯು, ತುದಿಯಲ್ಲಿ 2.75 ವೋಲ್ಟ್. ಅಲ್ಲಿ ಮೀಟರ್ -2 ತೋರಿಸಿತು, ಹೇಗೋ ಬಚಾವ್. ಮೊದಲನೇದು 2.2 ವೋಲ್ಟನ್ನೂ ತಡೆಯಲಿಲ್ಲ.

ಗಿಟಾರಿನ ವಾಲ್ಯೂಮ್ ಎಂಟಕ್ಕೆ ಇಳಿಸಿದರೆ ದೀಪ ಆರುತ್ತದೆ. ಆದರೆ ವಾಲ್ಯೂಮ್ ಪಾಟ್ ಮತ್ತು ಕೇಬಲ್ ಸೇರಿ ಮತ್ತೆ ಹೊಳಪನ್ನು ತಿನ್ನುತ್ತವೆ. ಪಿಕಪ್ಪನ್ನು ತಂತಿಯಿಂದ ಒಂದೆರಡು ಮಿಲಿಮೀಟರ್ ದೂರ ಇಳಿಸುವುದು ಇದಕ್ಕಿಂತ ವಾಸಿ. ಟ್ಯೂನರ್ ಪೆಡಲ್ ಮೂಲಕ ಲೈನ್ ಇನ್‌ಪುಟ್‌ಗೆ ಹೋಗುವುದೂ ಒಳ್ಳೇ ದಾರಿ. ಲೈನ್ ಇನ್‌ಪುಟ್ ತಡೆಯುವ ವೋಲ್ಟೇಜ್ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಆರು ತಿಂಗಳ ಹಿಂದೆ ಅವನು ಗೊತ್ತಿಲ್ಲದೇ ಮಾಡುತ್ತಿದ್ದದ್ದು ಇದನ್ನೇ. ಅದಕ್ಕೇ ಆಗ ದೀಪವೂ ಹತ್ತಿರಲಿಲ್ಲ, ದನಿಯೂ ಸತ್ತಿರಲಿಲ್ಲ.

ಕ್ಲಿಪ್ ಆದ ರೆಕಾರ್ಡಿಂಗ್ ಬಗ್ಗೆ ಕೆಲವರು ಸಡಿಲವಾಗಿ ಮಾತಾಡುತ್ತಾರೆ. ಹೇಗಿದ್ದರೂ ಡಿಸ್ಟಾರ್ಷನ್ ಹಾಕ್ತೀವಲ್ಲ, ಏನಾಗುತ್ತೆ ಅಂತ. ನಾನು ಒಪ್ಪುವುದಿಲ್ಲ. ಕನ್ವರ್ಟರಿನ ಮಿತಿಗೆ ಬಡಿದು ಚಪ್ಪಟೆಯಾದ ಅಲೆ ಆಂಪಿನ ಡಿಸ್ಟಾರ್ಷನ್ ಹಾಗೆ ಮೆಲ್ಲಗೆ ಒಡೆಯುವುದಿಲ್ಲ. ನುಡಿಸುವವನು ಎಲ್ಲಿ ಒತ್ತಿದ, ಎಲ್ಲಿ ಬಿಟ್ಟ ಅನ್ನುವುದೇ ಅಳಿಸಿಹೋಗುತ್ತದೆ. ಆಮೇಲೆ ಕ್ಲೀನ್ ಟೋನ್ ಬೇಕು ಅಂದರೆ ಅದು ಸಿಗುವುದೇ ಇಲ್ಲ. ಅತಿ ಜೋರಾದ ಹೊಡೆತ -6ರಿಂದ -12ರೊಳಗೆ ಇರಲಿ. 24 ಬಿಟ್‌ನಲ್ಲಿ ಅದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಫೋಕಸ್‌ರೈಟ್ ಕಂಪನಿ 2023ರಲ್ಲಿ ತಂದ ನಾಲ್ಕನೇ ತಲೆಮಾರಿನ ಸ್ಕಾರ್ಲೆಟ್ 2ಐ2ನಲ್ಲಿ ಗೇನನ್ನು ತಾನೇ ಹೊಂದಿಸುವ, ಕ್ಲಿಪ್ ಆಗುವ ಮುಂಚೆ ತಾನೇ ಇಳಿಸುವ ವ್ಯವಸ್ಥೆ ಇದೆ. ಮೋಟು ಎಂ2ನ ಮುಂಭಾಗದಲ್ಲೇ ಬಣ್ಣದ ಮೀಟರ್ ಪರದೆ ಇದೆ. ಒಬ್ಬನೇ ಕೂತು ನುಡಿಸುತ್ತಾ ರೆಕಾರ್ಡ್ ಮಾಡುವವನಿಗೆ ಇಂಥವು ನಿಜಕ್ಕೂ ಉಪಯೋಗ. ಬರೀ ಒಂದು ಕೆಂಪು ಚುಕ್ಕೆ ಇರುವ ಪೆಟ್ಟಿಗೆ ತಪ್ಪಾದ ಮೇಲೆ ಹೇಳುತ್ತದೆ, ಮುಂಚೆ ಹೇಳುವುದಿಲ್ಲ.

ಈ ಡಿಬಿಯು ಅಂಕಿಯಿಂದ ಇನ್ನೊಂದು ವಿಷಯ ಬಿಚ್ಚಿಕೊಂಡಿತು. ಪ್ಲಗಿನ್ ಹಾಕಿ ನುಡಿಸುವಾಗ ಅವನು, "ಮೂರನೇದರಲ್ಲಿ ದನಿ ದಪ್ಪ ಮಾಮ. ಇದೇ ಚೆನ್ನಾಗಿದೆ" ಅನ್ನುತ್ತಿದ್ದ. ಕಣ್ಣು ಮುಚ್ಚಿಸಿದರೂ ಸರಿಯಾಗಿ ಗುರುತಿಸಿದ. ಲೂಪರ್ ಪರೀಕ್ಷೆಯಲ್ಲಿ ಮೂರೂ ಒಂದೇ ಆಗಿದ್ದದ್ದು ಈಗ ಯಾಕೆ ಬೇರೆ? ಮೂರನೇ ಪೆಟ್ಟಿಗೆಯ ಮಿತಿ 4 ಡೆಸಿಬೆಲ್ ಕಡಿಮೆ. ಹಾಗಾಗಿ ಅದೇ ಗಿಟಾರ್ ಅದೇ ಸೊನ್ನೆ ಗೇನಿನಲ್ಲಿ ಕಂಪ್ಯೂಟರಿನೊಳಗೆ 4 ಡೆಸಿಬೆಲ್ ಜಾಸ್ತಿಯಾಗಿ ಕಾಣುತ್ತದೆ. ಪ್ಲಗಿನ್ ಒಳಗಿನ ಆಂಪಿಗೆ ಅಷ್ಟು ಜೋರಾಗಿ ತಳ್ಳಿದರೆ ಅದು ಬೇಗ ಒಡೆಯುತ್ತದೆ, ದಪ್ಪ ಕೇಳಿಸುತ್ತದೆ. ಪ್ಲಗಿನ್‌ನ ಇನ್‌ಪುಟ್ ನಾಬನ್ನು 4 ಡೆಸಿಬೆಲ್ ಇಳಿಸಿದೆ. ದಪ್ಪ ಹೋಯಿತು, ಗುರುತಿಸುವುದೂ ನಿಂತಿತು.

ಇಂಟರ್‌ಫೇಸ್‌ಗಳ ಟೋನ್ ಬಗ್ಗೆ ನಡೆಯುವ ಎಷ್ಟೋ ವಾದಗಳ ಹಿಂದೆ ಇದೇ ಇರಬಹುದು ಅನ್ನುವುದು ನನ್ನ ಅನಿಸಿಕೆ. ಪ್ಲಗಿನ್‌ನ ಪ್ರಿಸೆಟ್ (ಸಿದ್ಧ ಸೆಟ್ಟಿಂಗ್) ಮಾಡಿದವರು ಒಂದು ಮಟ್ಟ ಇಟ್ಟುಕೊಂಡು ಮಾಡಿರುತ್ತಾರೆ, ನಮ್ಮ ಪೆಟ್ಟಿಗೆ ಇನ್ನೊಂದು ಮಟ್ಟ ಕೊಡುತ್ತದೆ. ಸ್ಟೀವನ್ ಅಟ್ಕಿನ್ಸನ್ ಮುಕ್ತವಾಗಿ ಕೊಟ್ಟಿರುವ ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಆಂಪ್ ಪ್ಲಗಿನ್‌ನಲ್ಲಿ ಈಗ ಇಂಟರ್‌ಫೇಸಿನ ಡಿಬಿಯು ಅಂಕಿಯನ್ನು ಬರೆದು ಹೊಂದಿಸುವ ಜಾಗವೇ ಇದೆ. ಹಾಗಾಗಿ ಕೊಳ್ಳುವ ಮುಂಚೆ ಕೈಪಿಡಿಯಲ್ಲಿ ಹುಡುಕಬೇಕಾದ ಮೊದಲ ಅಂಕಿ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ನ ಗರಿಷ್ಠ ಮಟ್ಟ. 192 ಕಿಲೋಹರ್ಟ್ಜ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಅನ್ನುವ ಲೆಕ್ಕ) ಅಂತ ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿರುವುದು ಗಿಟಾರಿಗೆ ಲೆಕ್ಕಕ್ಕಿಲ್ಲ.

ತಾಳ ಹೋದದ್ದು ಯಾರದ್ದು

ಗುಂಯ್ ಸದ್ದಿನ ದೂರು ಹತ್ತು ನಿಮಿಷದಲ್ಲಿ ಮುಗಿಯಿತು. ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿದರೆ ಮೂರೂ ಪೆಟ್ಟಿಗೆ ನಿಶ್ಶಬ್ದ. ಪೂರ್ತಿ ಏರಿಸಿದರೆ ಮೂರರಲ್ಲೂ ಅದೇ ಗುಂಯ್. ಅಂದರೆ ಅದು ಪಿಕಪ್ ಗಾಳಿಯಿಂದ ಹಿಡಿಯುತ್ತಿದ್ದ ಕರೆಂಟಿನ ಸದ್ದು. ಗಿಟಾರನ್ನು ಲ್ಯಾಪ್‌ಟಾಪಿನಿಂದ ಒಂದು ಮೀಟರ್ ಹಿಂದಕ್ಕೆ ತೆಗೆದು, ಕುರ್ಚಿಯನ್ನು ಕಾಲು ಸುತ್ತು ತಿರುಗಿಸಿದ ಮೇಲೆ ಮುಕ್ಕಾಲು ಪಾಲು ಹೋಯಿತು. ರೆಕಾರ್ಡ್ ಮಾಡುವಾಗ ಚಾರ್ಜರ್ ಕಿತ್ತಿಟ್ಟರೆ ಉಳಿದದ್ದೂ ಹೋಯಿತು. ಹೊಸ ಇಂಟರ್‌ಫೇಸ್ ಕೊಂಡಿದ್ದರೆ ಇದರಲ್ಲಿ ಒಂದು ಪೈಸೆಯಷ್ಟೂ ಬದಲಾಗುತ್ತಿರಲಿಲ್ಲ.

ತಡದ ವಿಷಯ ಹಾಗಲ್ಲ.

ಸೌಂಡನ್ನು ಲ್ಯಾಪ್‌ಟಾಪ್ ಒಂದೊಂದು ಹನಿಯಾಗಿ ನೋಡುವುದಿಲ್ಲ, ಲೋಟದ ಲೆಕ್ಕದಲ್ಲಿ ತುಂಬಿಸಿಕೊಂಡು ನೋಡುತ್ತದೆ. ಆ ಹನಿಯೇ ಸ್ಯಾಂಪಲ್, ಆ ಲೋಟವೇ ಬಫರ್. ಪೆಡಲ್ ಒಳಗಿನ ಬಫರ್ ಸರ್ಕ್ಯೂಟ್ ಬೇರೆ, ಹೆಸರು ಮಾತ್ರ ಒಂದೇ. 48 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್‌ನ ಬಫರ್ ತುಂಬಲು 2.7 ಮಿಲಿಸೆಕೆಂಡ್ ಬೇಕು. ಒಳಗೆ ಬರುವಾಗ ಒಂದು ಲೋಟ, ಹೊರಗೆ ಹೋಗುವಾಗ ಒಂದು ಲೋಟ. ಅದರ ಮೇಲೆ ಕನ್ವರ್ಟರ್ ಮತ್ತು ಯುಎಸ್‌ಬಿ ಡ್ರೈವರ್ ತಮ್ಮ ಪಾಲು ಸೇರಿಸುತ್ತವೆ. ಈ ಕೊನೆಯ ಪಾಲು ಪೆಟ್ಟಿಗೆಯಿಂದ ಪೆಟ್ಟಿಗೆಗೆ ತುಂಬಾ ಬದಲಾಗುತ್ತದೆ, ಆದರೆ ಯಾರ ಜಾಹೀರಾತಿನಲ್ಲೂ ಕಾಣುವುದಿಲ್ಲ.

ಅಳೆಯುವುದು ಸುಲಭ. ಪೆಟ್ಟಿಗೆಯ ಔಟ್‌ಪುಟ್‌ನಿಂದ ಒಂದು ಕೇಬಲ್ ತೆಗೆದು ಅದರದ್ದೇ ಲೈನ್ ಇನ್‌ಪುಟ್‌ಗೆ ಚುಚ್ಚಿದೆ. ಒಂದು ಕ್ಲಿಕ್ ಸದ್ದು ಬಾರಿಸಿ, ಅದು ಸುತ್ತಿ ಬಂದದ್ದನ್ನು ರೆಕಾರ್ಡ್ ಮಾಡಿ, ನಡುವೆ ಎಷ್ಟು ಸ್ಯಾಂಪಲ್ ಅಂತ ಎಣಿಸಿದೆ. ಸಾಫ್ಟ್‌ವೇರ್ ತಾನಾಗೇ ತಡವನ್ನು ಸರಿದೂಗಿಸುವ ಸೆಟ್ಟಿಂಗ್ ಇರುತ್ತದೆ, ಅದನ್ನು ಮುಂಚೆಯೇ ಆಫ್ ಮಾಡಿದ್ದೆ.

ಎರಡನೇ ಪೆಟ್ಟಿಗೆ 128ರ ಬಫರಿನಲ್ಲಿ 440 ಸ್ಯಾಂಪಲ್, ಅಂದರೆ 9.2 ಮಿಲಿಸೆಕೆಂಡ್. 64ರಲ್ಲಿ 6.5. ಮೂರನೇದು 128ರಲ್ಲಿ 11.4, ಅದನ್ನು 64ಕ್ಕೆ ಇಳಿಸಿದರೆ ಅವನ ಲ್ಯಾಪ್‌ಟಾಪಿನಲ್ಲಿ ಚಟಪಟ ಸದ್ದು ಬರುತ್ತಿತ್ತು. ಮೊದಲನೇದಕ್ಕೆ ಸ್ವಂತ ಎಎಸ್‌ಐಒ ಡ್ರೈವರೇ ಇರಲಿಲ್ಲ. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಈ ಎಎಸ್‌ಐಒ ಪದ್ಧತಿಯೇ ವಿಂಡೋಸ್‌ನಲ್ಲಿ ಇವತ್ತಿಗೂ ತಡ ಕಡಿಮೆ ಮಾಡುವ ಮುಖ್ಯ ದಾರಿ. ಸ್ವಂತದ್ದು ಇಲ್ಲದ ಪೆಟ್ಟಿಗೆಗಳಿಗೆ ಎಎಸ್‌ಐಒ4ಆಲ್ ಅನ್ನುವ ಉಚಿತ ಡ್ರೈವರ್ ಹಾಕಿಕೊಳ್ಳುತ್ತಾರೆ, ಅವನೂ ಹಾಗೇ ಮಾಡಿದ್ದ. ಬಫರ್ 256ಕ್ಕಿಂತ ಇಳಿಸಿದರೆ ಸದ್ದು ಕಡಿದು ಕಡಿದು ಬರುತ್ತಿತ್ತು. 256ರಲ್ಲಿ ಬಂದ ಲೆಕ್ಕ 1152 ಸ್ಯಾಂಪಲ್, 24 ಮಿಲಿಸೆಕೆಂಡ್.

ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. 6.5 ಮಿಲಿಸೆಕೆಂಡ್ ಅಂದರೆ ಎರಡು ಮೀಟರಿಗಿಂತ ಸ್ವಲ್ಪ ಆಚೆ ಆಂಪ್ ಇಟ್ಟುಕೊಂಡು ನುಡಿಸಿದ ಹಾಗೆ, ಎಲ್ಲರಿಗೂ ಅಭ್ಯಾಸ ಇರುವ ದೂರ. 24 ಅಂದರೆ ಆಂಪ್ ಎಂಟು ಮೀಟರ್ ಆಚೆ ಇದೆ. ನಿಧಾನದ ಸಾಲಿನಲ್ಲಿ ಹೇಗೋ ನಡೆಯುತ್ತದೆ. ಅವನು ನುಡಿಸುತ್ತಿದ್ದದ್ದು ನಿಮಿಷಕ್ಕೆ 140 ಬೀಟ್, ಒಂದು ಬೀಟಿಗೆ ನಾಲ್ಕು ಹೊಡೆತ. ಎರಡು ಹೊಡೆತದ ನಡುವೆ ಇರುವುದೇ 107 ಮಿಲಿಸೆಕೆಂಡ್. ಅದರಲ್ಲಿ 24 ತಡ ಅಂದರೆ ಹೆಚ್ಚು ಕಡಿಮೆ ಕಾಲು ಭಾಗ.

ಅವನ ಹಳೇ ಟ್ರ್ಯಾಕ್‌ಗಳನ್ನು ದೊಡ್ಡದು ಮಾಡಿ ನೋಡಿದೆ. ಹೊಡೆತಗಳು ಬೀಟಿನ ಹಿಂದೆ ಇರಲಿಲ್ಲ, ಮುಂದೆ ಇದ್ದವು, 10ರಿಂದ 15 ಮಿಲಿಸೆಕೆಂಡ್. ಹೆಡ್‌ಫೋನಿನಲ್ಲಿ ತಡವಾಗಿ ಕೇಳುವ ತನ್ನ ಸದ್ದನ್ನು ಮೆಟ್ರೋನೋಮಿಗೆ ಕೂರಿಸಲು ಅವನ ಕೈ ತಾನಾಗಿ ಮುಂದೆ ಓಡುತ್ತಿತ್ತು. ರೆಕಾರ್ಡಿಂಗ್ ಸಾಫ್ಟ್‌ವೇರ್ ತಡವನ್ನು ಕಳೆದು ಟ್ರ್ಯಾಕನ್ನು ಹಿಂದಕ್ಕೆ ಸರಿಸಿದಾಗ ಆ ಓಟ ಮಾತ್ರ ಉಳಿಯುತ್ತಿತ್ತು. ಅವನ ಕಿವಿ ಸರಿ ಇತ್ತು, ಕೈಯೂ ಸರಿ ಇತ್ತು. ಎರಡನೇ ಪೆಟ್ಟಿಗೆಯಲ್ಲಿ 64ಕ್ಕೆ ಇಟ್ಟು ಅದೇ ಸಾಲು ನುಡಿಸಲು ಹೇಳಿದೆ. ಮೊದಲ ಎರಡು ಸಲ ಇನ್ನೂ ಮುಂದೆ ಓಡಿದ, ಮೂರನೇ ಸಲ ಕೂತ. ಪರದೆಯ ಮೇಲೆ ಗೆರೆಗಳು ಬೀಟಿನ ಮೇಲೇ ನಿಂತಿದ್ದನ್ನು ತೋರಿಸಿದೆ. ಅವನು ಏನೂ ಹೇಳಲಿಲ್ಲ. ಅದೇ ಸಾಲನ್ನು ಇನ್ನೂ ಇಪ್ಪತ್ತು ಸಲ ನುಡಿಸಿದ.

ಸದ್ದನ್ನು ಲ್ಯಾಪ್‌ಟಾಪಿಗೆ ಸುತ್ತಿಸದೆ ನೇರವಾಗಿ ಹೆಡ್‌ಫೋನಿಗೆ ಕೊಡುವ ಡೈರೆಕ್ಟ್ ಮಾನಿಟರ್ ಬಟನ್ ಒತ್ತಿದರೆ ತಡ ಇರುವುದಿಲ್ಲವಲ್ಲ ಅಂತ ಕೆಲವರು ಕೇಳಬಹುದು. ಇರುವುದಿಲ್ಲ, ಆದರೆ ಆಗ ಕೇಳುವುದು ಪ್ಲಗಿನ್ ಇಲ್ಲದ ಹಸಿ ಗಿಟಾರ್. ಅದರ ಹಿಂದೆ ಪ್ಲಗಿನ್‌ನದ್ದೂ ಬರುತ್ತದೆ, ಎರಡೆರಡು ಗಿಟಾರ್ ಕೇಳಿಸುತ್ತದೆ. ಹಾಡುವವರಿಗೆ ಆ ಬಟನ್ ವರ. ಪ್ಲಗಿನ್‌ನಲ್ಲಿ ಗಿಟಾರ್ ನುಡಿಸುವವರು ಅದನ್ನು ಆಫ್ ಇಟ್ಟಿರಬೇಕು.

ಕೊನೆಗೆ ಏನಾಯಿತು

ಹೊಸ ಪೆಟ್ಟಿಗೆ ಬೇಕೇ ಬೇಡವೇ ಅನ್ನುವ ಪ್ರಶ್ನೆ ಈಗ ಚಿಕ್ಕದಾಗಿತ್ತು. ದನಿ ಸತ್ತದ್ದಕ್ಕೆ ಬೇಡ, ಅದು ಒಂದು ಸ್ವಿಚ್. ಗುಂಯ್ ಸದ್ದಿಗೆ ಬೇಡ. ಕ್ಲಿಪ್ ಆಗುವುದಕ್ಕೂ ಬೇಡ, ಟ್ಯೂನರ್ ವಾಪಸ್ ಇಸ್ಕೊಂಡರೆ ಸಾಕು. ತಡ ಒಂದಕ್ಕೆ ಬೇಕಿತ್ತು. ಅವನು ನಿಜವಾದ ಆಂಪ್ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡುವವನಾಗಿದ್ದರೆ ಹಳೆಯದೇ ಸಾಕಿತ್ತು ಅಂತ ನೇರವಾಗಿ ಹೇಳುತ್ತಿದ್ದೆ. ಪ್ಲಗಿನ್ ಮೂಲಕವೇ ಕೇಳುತ್ತಾ ನುಡಿಸುವವನಿಗೆ 24 ಮಿಲಿಸೆಕೆಂಡ್ ಕೊಟ್ಟು ಅಭ್ಯಾಸ ಮಾಡು ಅನ್ನುವುದು ಅನ್ಯಾಯ.

ಮೂರನೇದರ ಮೇಲೆ ಅವನಿಗೆ ಆಸೆ ಇತ್ತು. ಜ್ಯಾಕ್‌ಗಳು ಜಾಸ್ತಿ, ನೋಡಲೂ ಚೆಂದ. ಆದರೆ ಅವನ ಲ್ಯಾಪ್‌ಟಾಪಿನಲ್ಲಿ 64ಕ್ಕೆ ಅದು ನಿಲ್ಲಲಿಲ್ಲ, ಅವನ ಹಂಬಕರಿಗೆ ಅದರಲ್ಲಿ ಉಳಿಯುವುದು ಎರಡೇ ಡೆಸಿಬೆಲ್ ಜಾಗ. ಬೇರೆ ಲ್ಯಾಪ್‌ಟಾಪಿನಲ್ಲಿ ಫಲ ಬೇರೆ ಇರಬಹುದು. ಅದಕ್ಕೇ ಕೊಳ್ಳುವ ಮುಂಚೆ ತಮ್ಮದೇ ಕಂಪ್ಯೂಟರಿಗೆ ಚುಚ್ಚಿ ನೋಡಲು, ಇಲ್ಲವೇ ವಾಪಸ್ ಕೊಡಲು ಅವಕಾಶ ಇರುವ ಕಡೆಯೇ ತಗೊಳ್ಳುವುದು ಒಳ್ಳೆಯದು. ಎರಡನೇದರಂಥದ್ದೇ ಅವನು ಕೊಂಡ.

ಸತ್ತ ದನಿಯ ಟ್ರ್ಯಾಕ್‌ಗಳು ಒಟ್ಟು ಹದಿನಾಲ್ಕು ಇದ್ದವು. ಲೈನ್ ಇನ್‌ಪುಟ್ ತಿಂದ ಹೊಳಪನ್ನು ಈಕ್ವಲೈಜರ್‌ನಿಂದ ಒಂದಿಷ್ಟು ವಾಪಸ್ ತರಬಹುದು. 700 ಹರ್ಟ್ಜ್‌ನಿಂದ ಮೇಲಕ್ಕೆ ಏರಿಸುತ್ತಾ ಹೋಗಿ 3 ಕಿಲೋಹರ್ಟ್ಜ್ ಬಳಿ ಒಂದು ಉಬ್ಬು ಕೊಟ್ಟೆ. ಕ್ಲೀನ್ ಟೋನಿನ ಎರಡು ಟ್ರ್ಯಾಕ್ ಚೆನ್ನಾಗಿಯೇ ಬದುಕಿದವು. ಡಿಸ್ಟಾರ್ಷನ್ ಇದ್ದವುಗಳಲ್ಲಿ ಹೊಳಪಿನ ಜೊತೆ ಸುಯ್ ಅನ್ನುವ ಸದ್ದೂ ಮೇಲೆದ್ದಿತು, ಅವನ್ನು ಬಿಟ್ಟೆವು. ಆ ಹನ್ನೆರಡನ್ನು ಅವನು ಈಗ ರಾತ್ರಿಗೊಂದರಂತೆ ಮತ್ತೆ ನುಡಿಸುತ್ತಿದ್ದಾನೆ. ಹೊಸ ಪೆಟ್ಟಿಗೆಯಲ್ಲಿ ಇನ್‌ಸ್ಟ್ರುಮೆಂಟ್ ಬಟನ್ ಪಕ್ಕ ಬಿಳಿ ಟೇಪ್ ಅಂಟಿಸಿ, ಮಾರ್ಕರಿನಲ್ಲಿ "ಗಿಟಾರ್: ಒತ್ತು, +12" ಅಂತ ಬರೆದಿದ್ದಾನೆ.